ಮುಖದ ಎಲುಬಿನ ಗಂಟು: ಯಾವುದನ್ನು ಬಿಡಬೇಕು, ಯಾವುದನ್ನು ಕೆತ್ತಬೇಕು, ಯಾವುದನ್ನು ತೆಗೆಯಬೇಕು

ಗಡ್ಡ ಕೆರೆದುಕೊಳ್ಳುವಾಗ ದವಡೆಯ ಅಂಚಿನಲ್ಲಿ ರೇಜರ್ ಒಂದು ಕಡೆ ಹತ್ತಿ ಇಳಿಯುತ್ತದೆ. ಕುಂಕುಮ ಇಡುವಾಗ ಹಣೆಯ ಮೇಲೆ ಬೆರಳಿಗೆ ಗೋಲಿಯಷ್ಟು ದಪ್ಪದ ಗಟ್ಟಿ ಉಬ್ಬು ಸಿಗುತ್ತದೆ. ಹಲ್ಲಿನ ಸೆಟ್ ಮಾಡಿಸಲು ಹೋದ ಅಜ್ಜಿಗೆ ‘ಅಂಗುಳದಲ್ಲಿ ಎಲುಬು ಬೆಳೆದಿದೆ, ಅದನ್ನು ತೆಗೆಯದೆ ಸೆಟ್ ಕೂರೋದಿಲ್ಲ’ ಅನ್ನುತ್ತಾರೆ ಡಾಕ್ಟರು. ಗುಟ್ಕಾ, ಕಡ್ಡಿಪುಡಿಯಿಂದ ಬಾಯಿ ಕ್ಯಾನ್ಸರ್ ಆದವರ ಸುದ್ದಿ ಕೇಳಿ ಕೇಳಿ ಹೆದರಿರುವ ಮನೆಯವರಿಗೆ ಮೊದಲು ನೆನಪಾಗುವುದೂ ಅದೇ ಹೆಸರು.

ತಂಬಾಕಿನಿಂದ ಬರುವ ಬಾಯಿ ಕ್ಯಾನ್ಸರ್ ಎಲುಬಿನಲ್ಲಿ ಶುರುವಾಗುವುದಿಲ್ಲ, ಬಾಯಿಯ ಒಳಪೊರೆಯಲ್ಲಿ ಶುರುವಾಗುತ್ತದೆ. ಎರಡು ಮೂರು ವಾರವಾದರೂ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಕಲೆ, ಗಟ್ಟಿ ಅಂಚಿನ ಗಾಯ ಇವು ಅದರ ಲಕ್ಷಣ. ಈ ಲೇಖನದ ಗಂಟುಗಳ ರೀತಿ ಬೇರೆ. ಮೇಲಿನ ಚರ್ಮವೋ ಒಸಡೋ ಎಂದಿನಂತೆ ನುಣುಪಾಗಿರುತ್ತದೆ, ಅದರಡಿ ಕಲ್ಲಿನಂಥ ಉಬ್ಬು ಅಲುಗದೆ ಕೂತಿರುತ್ತದೆ, ನೋವು ಸಾಮಾನ್ಯವಾಗಿ ಇರುವುದಿಲ್ಲ, ಬೆಳವಣಿಗೆ ತಿಂಗಳುಗಳದ್ದಲ್ಲ, ವರ್ಷಗಳದ್ದು.

ಇಷ್ಟು ಕೇಳಿ ಸಮಾಧಾನವಾದರೂ ಪ್ರಶ್ನೆ ಮುಗಿಯುವುದಿಲ್ಲ. ಹೊರಗಿನಿಂದ ಒಂದೇ ತರ ಕಾಣುವ ನಾಲ್ಕಾರು ಗಂಟುಗಳಿವೆ. ಒಂದನ್ನು ತೊಂದರೆ ಕೊಡದಿದ್ದರೆ ಮುಟ್ಟಲೇಬಾರದು, ಇನ್ನೊಂದನ್ನು ಬುಡಸಮೇತ ತೆಗೆಯಬೇಕು, ಮತ್ತೊಂದನ್ನು ಪೂರ್ತಿ ತೆಗೆಯಲು ಹೋದರೆ ಮುಖವೇ ಕೆಡುತ್ತದೆ. ಯಾವುದು ಯಾವುದು ಎಂದು ಹೇಳುವುದು ಬಹುಮಟ್ಟಿಗೆ ಗಂಟಿನ ಗಾತ್ರವಲ್ಲ, ಅದರ ಅಂಚು. ಅದು ಆರೋಗ್ಯವಂತ ಎಲುಬಿನಿಂದ ಬೇರೆಯಾಗಿ ನಿಂತಿದೆಯೋ, ಅದರೊಳಗೆ ಕರಗಿಹೋಗಿದೆಯೋ ಎಂಬುದು.

ಎಲುಬೇಕೆ ಹೀಗೆ ಬೆಳೆಯುತ್ತದೆ?

ಎಲುಬು ಕಲ್ಲಿನಂತೆ ಕಂಡರೂ ಜೀವಂತ. ಕಟ್ಟುವ ಜೀವಕೋಶ, ಕೆಡಹುವ ಜೀವಕೋಶ ಎರಡೂ ಅದರೊಳಗೆ ದಿನವೂ ಕೆಲಸದಲ್ಲಿರುತ್ತವೆ. ಹಳೆಯದು ಕರಗಿ ಹೊಸದು ಕೂರುತ್ತಲೇ ಇರುತ್ತದೆ. ಒಂದು ಜಾಗದಲ್ಲಿ ಈ ಲೆಕ್ಕ ತಪ್ಪಿ ಕಟ್ಟುವ ಕೆಲಸ ಹೆಚ್ಚಾದರೂ, ಕಟ್ಟಿದ್ದು ಪೂರ್ತಿ ಗಟ್ಟಿಯಾಗದೆ ನಾರುನಾರಾಗಿ ಉಳಿದರೂ ಅಲ್ಲಿ ಉಬ್ಬು ಏಳುತ್ತದೆ.

ಕ್ಯಾನ್ಸರ್ ಅಲ್ಲದ ಗಡ್ಡೆ ಅಂದರೆ ಹುಟ್ಟಿದ ಜಾಗ ಬಿಟ್ಟು ರಕ್ತದಲ್ಲಿ ಸಾಗಿ ಶ್ವಾಸಕೋಶಕ್ಕೋ ಯಕೃತ್ತಿಗೋ ಹೋಗಿ ನೆಲೆಸದ ಗಡ್ಡೆ. ಹಾಗೆಂದು ತೊಂದರೆ ಕೊಡುವುದೇ ಇಲ್ಲ ಎಂದಲ್ಲ. ಮುಖದಲ್ಲಿ ಕಣ್ಣು, ಮೂಗು, ಸೈನಸ್ಸು (ಮುಖದೆಲುಬಿನೊಳಗಿನ ಗಾಳಿಗೂಡು), ಮೆದುಳು ಎಲ್ಲವೂ ತೆಳುಗೋಡೆಯ ಆಚೀಚೆ ಇರುವ ಬಾಡಿಗೆ ಮನೆಗಳಿದ್ದ ಹಾಗೆ. ತೊಡೆಯೆಲುಬಿನಲ್ಲಿ ಒಂದು ಸೆಂಟಿಮೀಟರ್ ಬೆಳೆದರೆ ಗೊತ್ತೇ ಆಗದು, ಕಣ್ಣಿನ ಗೂಡಿನಲ್ಲಿ ಅಷ್ಟೇ ಬೆಳೆದರೆ ಕಣ್ಣುಗುಡ್ಡೆ ಮುಂದೆ ಬರುತ್ತದೆ.

ನಾಲ್ಕು ಮುಖ್ಯ ಹೆಸರುಗಳು

ಟೋರಸ್. ಅಂಗುಳದ ನಟ್ಟನಡುವೆ, ಇಲ್ಲವೇ ಕೆಳದವಡೆಯ ಒಳಬದಿಯಲ್ಲಿ ನಾಲಿಗೆ ತಾಗುವ ಕಡೆ ಏಳುವ ಗಟ್ಟಿ ಉಬ್ಬು. ಕೆಳದವಡೆಯದು ಹೆಚ್ಚಾಗಿ ಎರಡೂ ಬದಿಗೆ ಜೋಡಿಯಾಗಿ ಬರುತ್ತದೆ. ನಿಜ ಹೇಳಬೇಕೆಂದರೆ ಇದು ಗಡ್ಡೆಯೇ ಅಲ್ಲ, ಕೆಲವರ ಎಲುಬಿನ ಆಕಾರವೇ ಹಾಗೆ. ವರ್ಷಗಟ್ಟಲೆ ಗೊತ್ತೇ ಇಲ್ಲದೆ ಇದ್ದು, ಬಿಸಿ ಬೆಣ್ಣೆದೋಸೆಯ ಗರಿಯೋ ಮಿರ್ಚಿಯ ಮೊನಚೋ ಗೀರಿ ಅಲ್ಲಿ ಹುಣ್ಣಾದ ದಿನ ‘ಇದೇನಪ್ಪಾ ಬಂತು’ ಎಂದು ಪತ್ತೆಯಾಗುವುದೇ ಹೆಚ್ಚು. ಅದರ ಮೇಲಿನ ಪೊರೆ ಬಹಳ ತೆಳು, ಹಾಗಾಗಿ ಗೀರು ಬೇಗ ಬೀಳುತ್ತದೆ, ಮಾಯಲು ತಡವಾಗುತ್ತದೆ.

ಆಸ್ಟಿಯೋಮ. ಪಕ್ವ ಎಲುಬಿನಿಂದಲೇ ಆದ ಗಂಟು. ಮರದ ಕಾಂಡದಲ್ಲಿ ಗಂಟು ಬೆಳೆಯುವುದಿಲ್ಲವೇ, ಹಾಗೆ: ಗಂಟೂ ಮರವೇ, ಬರೀ ಜಾಗ ತಪ್ಪಿದೆ. ದಂತದಷ್ಟು ಗಟ್ಟಿಯಾದದ್ದೂ ಇದೆ, ಒಳಗೆ ಜಾಳುಜಾಳಾಗಿರುವುದೂ ಇದೆ. ಹಣೆ, ಕೆಳದವಡೆಯ ಕೆಳಅಂಚು, ದವಡೆಯ ಮೂಲೆ ಮತ್ತು ಕೀಲು ಇದರ ಜಾಗಗಳು. ಸೈನಸ್ಸುಗಳ ಪೈಕಿ ಹುಬ್ಬಿನ ಹಿಂದಿನ ಸೈನಸ್ಸಿನಲ್ಲಿ ಅತಿ ಹೆಚ್ಚು. ವರ್ಷಕ್ಕೆ ಒಂದೆರಡು ಮಿಲಿಮೀಟರ್ ಬೆಳೆದರೆ ಹೆಚ್ಚು. ತಲೆನೋವಿಗೋ ನೆಗಡಿಗೋ ತೆಗೆಸಿದ ಸ್ಕ್ಯಾನಿನಲ್ಲಿ ಅಚಾನಕ್ಕಾಗಿ ಕಾಣುವುದೂ ಉಂಟು. ಒಂದಲ್ಲ, ಮೂರು ನಾಲ್ಕು ಆಸ್ಟಿಯೋಮ ಒಬ್ಬರಲ್ಲೇ ಸಿಕ್ಕರೆ ವಿಷಯ ಬೇರೆ. ಅದನ್ನು ಮುಂದೆ ನೋಡೋಣ.

ಆಸಿಫೈಯಿಂಗ್ ಫೈಬ್ರೋಮ. ನಾರು ಮತ್ತು ಎಲುಬು ಬೆರೆತ ನಿಜವಾದ ಗಡ್ಡೆ. ಹೆಚ್ಚಾಗಿ ಕೆಳದವಡೆಯಲ್ಲಿ, ದವಡೆಹಲ್ಲುಗಳ ಸುತ್ತ, 20ರಿಂದ 40ರ ವಯಸ್ಸಿನಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಮಾವಿನ ಹಣ್ಣಿನೊಳಗಿನ ವಾಟೆಯ ಹಾಗೆ ಸುತ್ತಲಿನದರಿಂದ ಬೇರೆಯಾಗಿ ಕೂತಿರುತ್ತದೆ. ಅಂಚು ಸ್ಪಷ್ಟ. ಮಕ್ಕಳಲ್ಲಿ ಬರುವ ಒಂದು ಬಗೆ ಮಾತ್ರ ಜೋರಾಗಿ ಬೆಳೆಯುತ್ತದೆ, ತೆಗೆದ ಮೇಲೂ ಮರಳಿ ಬರುವ ಸಂಭವ ಹೆಚ್ಚು.

ಫೈಬ್ರಸ್ ಡಿಸ್‌ಪ್ಲೇಸಿಯಾ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಎಲ್ಲಿಗೆ ಹಾಲು ಮುಗಿದು ಎಲ್ಲಿಂದ ಮೊಸರು ಶುರುವಾಯಿತು ಎಂದು ಗೆರೆ ಎಳೆಯಲಾಗದು. ಎಲುಬಿನ ಒಂದು ಭಾಗ ಪೂರ್ತಿ ಗಟ್ಟಿಯಾಗದೆ ನಾರುಮಿಶ್ರಿತವಾಗಿ ಉಬ್ಬುತ್ತಾ ಹೋಗುತ್ತದೆ. ಕೆಳದವಡೆಗಿಂತ ಮೇಲ್ದವಡೆಯಲ್ಲಿ ಹೆಚ್ಚು, ಕೆನ್ನೆ ಒಂದು ಕಡೆ ಮಾತ್ರ ದಪ್ಪಗಾಗುತ್ತದೆ. ಶುರುವಾಗುವುದು ಚಿಕ್ಕ ವಯಸ್ಸಿನಲ್ಲಿ, ಮೈನೆರೆದು ಬೆಳವಣಿಗೆ ನಿಲ್ಲುವ ಹೊತ್ತಿಗೆ ಹೆಚ್ಚಿನವರಲ್ಲಿ ತಾನೂ ನಿಧಾನವಾಗುತ್ತದೆ. ಕಾರಣ ಗೊತ್ತಿದೆ: ಜಿಎನ್‌ಎಎಸ್ ಎಂಬ ಜೀನಿನಲ್ಲಿ ಭ್ರೂಣ ರೂಪುಗೊಂಡ ಮೇಲೆ, ಕೆಲವೇ ಜೀವಕೋಶಗಳಲ್ಲಿ ಆದ ಬದಲಾವಣೆ. ಆದ್ದರಿಂದ ಇದು ತಂದೆ ತಾಯಿಯಿಂದ ಬಂದದ್ದಲ್ಲ, ಮಕ್ಕಳಿಗೆ ದಾಟುವುದೂ ಅಲ್ಲ. ಬಸುರಿಯಲ್ಲಿ ಗ್ರಹಣ ನೋಡಿದ್ದಕ್ಕೂ ಇದಕ್ಕೂ ಏನೇನೂ ನಂಟಿಲ್ಲ, ತಾಯಂದಿರ ಮೇಲೆ ಆ ಮಾತು ಹಾಕುವುದನ್ನು ಬಿಡಬೇಕು. ಮಗುವಿನ ಮೈಮೇಲೆ ಹಾಲುಬೆರೆತ ಕಾಫಿಬಣ್ಣದ ದೊಡ್ಡ ಮಚ್ಚೆಗಳೂ ಇದ್ದು, ಏಳೆಂಟು ವರ್ಷದೊಳಗೇ ಮುಟ್ಟು ಕಾಣಿಸಿದರೆ, ಹಾರ್ಮೋನ್ ತೊಂದರೆಯೂ ಜೊತೆಗಿದೆ ಎಂದರ್ಥ. ಇದಕ್ಕೆ ಮೆಕ್ಯೂನ್-ಆಲ್‌ಬ್ರೈಟ್ ಎಂಬ ಹೆಸರಿದೆ. ಅಲ್ಲಿ ಮಕ್ಕಳ ಹಾರ್ಮೋನ್ ತಜ್ಞರನ್ನು ಮೊದಲು ಕಾಣಬೇಕು, ಸರ್ಜನ್ ಆಮೇಲೆ.

ದವಡೆ ಉಬ್ಬಿಸುವ ಇನ್ನೂ ಕೆಲವಿವೆ. ಸೂಕ್ಷ್ಮದರ್ಶಕದಡಿ ದೊಡ್ಡ ದೊಡ್ಡ ಜೀವಕೋಶ ಕಾಣುವ ದೈತ್ಯಕೋಶಗಳ ಗಡ್ಡೆ, ಎರಡು ಮೂರು ವರ್ಷದ ಮಕ್ಕಳಿಗೆ ಎರಡೂ ದವಡೆ ಉಬ್ಬುವ ಚೆರುಬಿಸಂ, ಒಂದು ಕಡೆಯ ಕೀಲು ಮಾತ್ರ ಬೆಳೆದು ಗದ್ದ ಪಕ್ಕಕ್ಕೆ ತಿರುಗುವ ತೊಂದರೆ. ಹಲ್ಲಿನ ಮೊಳಕೆಯಿಂದ ಹುಟ್ಟುವ ಅಮೆಲೋಬ್ಲಾಸ್ಟೋಮ ಎಲುಬಿನ ಗಡ್ಡೆ ಅಲ್ಲದಿದ್ದರೂ ದವಡೆಯನ್ನು ಒಳಗಿಂದೊಳಗೇ ತಿನ್ನುತ್ತದೆ. ಅದರ ಚಿಕಿತ್ಸೆ ಇವೆಲ್ಲಕ್ಕಿಂತ ದೊಡ್ಡದು.

ನಮ್ಮೂರಿನ ನೀರಿನಿಂದ ಬಂತೇ?

ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಜಗಳೂರು, ಚಳ್ಳಕೆರೆ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ ಹೆಚ್ಚೆಂದರೆ 1.5 ಎಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಎಲುಬಿಗೆ ತೊಂದರೆ ಆಗುವುದು ನಿಜ. ಆದರೆ ಅದು ಬೆನ್ನುಹುರಿಯ ಎಲುಬು, ಸೊಂಟ, ಮೊಣಕಾಲಿನ ಕಡೆ, ಇಡೀ ಮೈಗೆ ಆಗುವ ತೊಂದರೆ: ಎಲುಬು ಸಾಂದ್ರವಾಗುತ್ತದೆ, ಕೀಲಿನ ಕಟ್ಟುಗಳು ಗಟ್ಟಿಯಾಗುತ್ತವೆ, ಬಗ್ಗಲು ಆಗುವುದಿಲ್ಲ. ಮುಖದ ಒಂದು ಕಡೆ, ಒಂದೇ ಜಾಗದಲ್ಲಿ ಏಳುವ ಗಂಟಿಗೆ ಫ್ಲೋರೈಡ್ ಕಾರಣ ಎಂದುಕೊಂಡು ಶುದ್ಧ ನೀರಿನ ಘಟಕದ ನೀರು ಕುಡಿಯುತ್ತಾ ಕರಗುತ್ತದೆಂದು ಕಾಯುವುದು ವ್ಯರ್ಥ. ಶುದ್ಧ ನೀರು ಕುಡಿಯಿರಿ, ಗಂಟನ್ನು ಪ್ರತ್ಯೇಕವಾಗಿ ತೋರಿಸಿ.

ಎಣ್ಣೆ ನೀವುವುದು, ಸೊಪ್ಪಿನ ಪಟ್ಟು, ಬರೆ ಹಾಕಿಸುವುದು ಇವೂ ಎಲುಬನ್ನು ಮುಟ್ಟುವುದಿಲ್ಲ. ಬರೆಯಂತೂ ಮೇಲೆ ಚರ್ಮ ಸುಟ್ಟು ಕಲೆ ಮಾಡುತ್ತದೆ, ನಾಳೆ ಸರ್ಜನ್ ಕೊಯ್ಯಬೇಕಾದ ಜಾಗವನ್ನು ಕೆಡಿಸುತ್ತದೆ.

ಪತ್ತೆ ಹಚ್ಚುವ ಬಗೆ

ಮೊದಲ ಪರೀಕ್ಷೆ ಬೆರಳಿನದು. ಗಂಟಿನ ಮೇಲಿನ ಚರ್ಮ ಹಿಡಿದು ಜರುಗಿಸಿದರೆ ಚರ್ಮದೊಂದಿಗೆ ಗಂಟೂ ಜರುಗಿದರೆ ಅದು ಕೊಬ್ಬಿನದೋ ಚರ್ಮದ ಚೀಲದ್ದೋ. ಚರ್ಮ ಜರುಗಿ ಗಂಟು ಕೂತಲ್ಲೇ ಕೂತಿದ್ದರೆ ಎಲುಬಿನದು. ಒತ್ತಿದರೆ ನೋವು, ಬಿಸಿ, ಕೆಂಪು ಇದ್ದರೆ ಹುಳುಕುಹಲ್ಲಿನ ಕೀವು ಇರಬಹುದು, ಅದನ್ನು ಮೊದಲು ನೋಡುತ್ತಾರೆ. ಹತ್ತು ವರ್ಷ ಹಿಂದಿನ ಫೋಟೋ ತೆಗೆದುಕೊಂಡು ಹೋಗಿ. ಮದುವೆ ಆಲ್ಬಮ್ಮಿನ ಫೋಟೋ, ಹಳೆಯ ಗುರುತಿನ ಚೀಟಿ ಯಾವುದಾದರೂ ಸರಿ. ಗಂಟು ಎಷ್ಟು ವೇಗದಲ್ಲಿ ಬೆಳೆದಿದೆ ಎನ್ನುವುದಕ್ಕೆ ಇದಕ್ಕಿಂತ ಅಗ್ಗದ ಸಾಕ್ಷಿ ಇಲ್ಲ.

ಬಳಿಕ ಓಪಿಜಿ. ಗದ್ದ ಊರಿ ನಿಂತರೆ ಯಂತ್ರ ತಲೆಯ ಸುತ್ತ ಒಂದು ಸುತ್ತು ತಿರುಗಿ ಎರಡೂ ದವಡೆ, ಎಲ್ಲ ಹಲ್ಲು, ಎರಡೂ ಕೀಲು ಒಂದೇ ಹಾಳೆಯಲ್ಲಿ ತೋರಿಸುವ ಎಕ್ಸ್‌ರೇ. ಕೆಳದವಡೆಗೆ ಇದು ಚೆನ್ನಾಗಿ ಸಾಕು. ಮೇಲ್ದವಡೆ, ಹಣೆ, ಕಣ್ಣಿನ ಗೂಡಿಗೆ ಸಾಲದು. ಅಲ್ಲಿ ಎಲುಬಿನ ಮೇಲೆ ಎಲುಬು ಬಿದ್ದು ನೆರಳು ಕಲಸಿಹೋಗುತ್ತದೆ. ಅದಕ್ಕೆ ಸಿಟಿ ಸ್ಕ್ಯಾನ್ ಬೇಕು, ಬ್ರೆಡ್ಡಿನ ಲೋಫನ್ನು ಹೋಳು ಹೋಳಾಗಿ ಕೊಯ್ದು ನೋಡಿದ ಹಾಗೆ. ಹೋಳಿನ ದಪ್ಪ 1 ಮಿಲಿಮೀಟರಿಗಿಂತ ಹೆಚ್ಚಿರಬಾರದು. ದಪ್ಪ ಹೋಳಿನಲ್ಲಿ ತೆಗೆದ ಸ್ಕ್ಯಾನಿನಲ್ಲಿ ಕಣ್ಣಿನ ನರ ಹಾದುಹೋಗುವ ಕಾಲುವೆ, ದವಡೆಯೊಳಗಿನ ನರದ ಕಾಲುವೆ ಕಾಣದೆ ಹೋಗಿ ಮತ್ತೆ ಸ್ಕ್ಯಾನ್ ಮಾಡಿಸಬೇಕಾಗುತ್ತದೆ.

ಸ್ಕ್ಯಾನಿನಲ್ಲಿ ನೋಡುವುದು ಅಂಚನ್ನೇ. ಆಸ್ಟಿಯೋಮ ಅಚ್ಚಬಿಳಿ ಗುಂಡು. ಆಸಿಫೈಯಿಂಗ್ ಫೈಬ್ರೋಮದ ಸುತ್ತ ತೆಳುವಾದ ಗೆರೆ, ಒಳಗೆ ಬಿಳಿ ಕಪ್ಪು ಬೆರೆತ ಚುಕ್ಕೆ. ಫೈಬ್ರಸ್ ಡಿಸ್‌ಪ್ಲೇಸಿಯಾ ಬಚ್ಚಲುಮನೆಯ ಕಿಟಕಿಗೆ ಹಾಕುವ ಮಸುಕು ಗಾಜಿನ ಹಾಗೆ ಒಂದೇ ಸಮನೆ ಬೂದು, ಅಂಚು ಕಾಣದು.

ರಕ್ತಪರೀಕ್ಷೆ ಎಲ್ಲರಿಗೂ ಬೇಡ. ಆದರೆ ದೈತ್ಯಕೋಶಗಳ ಗಡ್ಡೆ ಎಂಬ ಅನುಮಾನ ಬಂದರೆ ಕ್ಯಾಲ್ಸಿಯಂ, ರಂಜಕ, ಆಲ್ಕಲೈನ್ ಫಾಸ್ಫಟೇಸ್, ಪ್ಯಾರಾಥೈರಾಯ್ಡ್ ಹಾರ್ಮೋನ್ ಪರೀಕ್ಷೆ ಬಿಡುವಂತಿಲ್ಲ. ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿ ಕೆಟ್ಟು ಹಾರ್ಮೋನ್ ಹೆಚ್ಚಾದಾಗ ದವಡೆಯಲ್ಲಿ ಥೇಟ್ ಅಂಥದೇ ಗಡ್ಡೆ ಏಳುತ್ತದೆ. ಗ್ರಂಥಿ ಸರಿಪಡಿಸಿದರೆ ದವಡೆಯದು ಹೆಚ್ಚಾಗಿ ತಾನೇ ಇಳಿಯುತ್ತದೆ. ಪರೀಕ್ಷೆ ಮಾಡದೆ ದವಡೆ ಕೊಯ್ದರೆ ಬೇಡದ ಆಪರೇಷನ್ ಆಯಿತು.

ಬಯಾಪ್ಸಿ, ಅಂದರೆ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಟೋರಸ್ಸಿಗೂ, ಸ್ಪಷ್ಟವಾದ ಸಣ್ಣ ಆಸ್ಟಿಯೋಮಕ್ಕೂ ಇದರ ಅಗತ್ಯ ಸಾಮಾನ್ಯವಾಗಿ ಬೀಳದು. ಉಳಿದವಕ್ಕೆ ಬೇಕು. ಇಲ್ಲಿ ಮೂರು ಸಂಗತಿ ತಿಳಿದಿರಬೇಕು. ಒಂದು, ಎಕ್ಸ್‌ರೇ, ಸ್ಕ್ಯಾನಿನಲ್ಲಿ ದವಡೆಯೊಳಗೆ ಕಪ್ಪಾಗಿ ಕಾಣುವ ಗಡ್ಡೆಯನ್ನು ಕೊರೆಯುವ ಮೊದಲು ಸೂಜಿ ಚುಚ್ಚಿ ಎಳೆದು ನೋಡುತ್ತಾರೆ. ಸಿರಿಂಜಿಗೆ ಹೊಸ ರಕ್ತ ನುಗ್ಗಿ ಬಂದರೆ ಅಲ್ಲಿಗೇ ನಿಲ್ಲಿಸುತ್ತಾರೆ, ಅದು ರಕ್ತನಾಳಗಳ ಗಂಟಾಗಿದ್ದರೆ ಕೊರೆದಾಗ ರಕ್ತ ನಿಲ್ಲಿಸುವುದೇ ಕಷ್ಟ. ಎರಡು, ಎಲುಬಿನ ಚೂರನ್ನು ಮಾಂಸದಂತೆ ನೇರವಾಗಿ ತೆಳುವಾಗಿ ಕೊಯ್ಯಲು ಬಾರದು. ಆಮ್ಲದಲ್ಲೋ ಬೇರೆ ದ್ರಾವಣದಲ್ಲೋ ದಿನಗಟ್ಟಲೆ ನೆನೆಸಿ ಕ್ಯಾಲ್ಸಿಯಂ ಕರಗಿಸಬೇಕು. ವರದಿಗೆ ವಾರ ಹತ್ತು ದಿನ ಹಿಡಿಯುವುದು ಅದಕ್ಕೇ, ಲ್ಯಾಬಿನವರ ಸೋಮಾರಿತನದಿಂದಲ್ಲ. ಮೂರು, ಆಸಿಫೈಯಿಂಗ್ ಫೈಬ್ರೋಮ ಮತ್ತು ಫೈಬ್ರಸ್ ಡಿಸ್‌ಪ್ಲೇಸಿಯಾ ಸೂಕ್ಷ್ಮದರ್ಶಕದಡಿ ಅಕ್ಕತಂಗಿಯರಂತೆ ಕಾಣುತ್ತವೆ. ಚೂರನ್ನು ಮಾತ್ರ ಕಳಿಸಿ ಸ್ಕ್ಯಾನ್ ಕಳಿಸದಿದ್ದರೆ ಪ್ಯಾಥಾಲಜಿಯವರು ‘ನಾರು-ಎಲುಬಿನ ಗಡ್ಡೆ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳಬೇಕಾಗುತ್ತದೆ. ಚೂರಿನ ಜೊತೆ ಸಿಟಿ ವರದಿಯೂ ಹೋಗಿದೆಯೇ ಎಂದು ರೋಗಿಯ ಕಡೆಯವರು ಕೇಳುವುದರಲ್ಲಿ ತಪ್ಪೇನಿಲ್ಲ.

ಹಲವು ಆಸ್ಟಿಯೋಮ ಇದ್ದವರ ವಿಷಯಕ್ಕೆ ಬರೋಣ. ಜೊತೆಗೆ ಹೆಚ್ಚುವರಿ ಹಲ್ಲು, ಹುಟ್ಟದೆ ಒಳಗೇ ಉಳಿದ ಹಲ್ಲು ಇದ್ದರೆ ಗಾರ್ಡ್‌ನರ್ ಸಿಂಡ್ರೋಮ್ ಇರಬಹುದು. ಇದು ವಂಶವಾಹಿ ಕಾಯಿಲೆ, ದೊಡ್ಡಕರುಳಿನಲ್ಲಿ ನೂರಾರು ಸಣ್ಣ ಗಂಟು ಬೆಳೆದು, ಬಿಟ್ಟರೆ ಕರುಳಿನ ಕ್ಯಾನ್ಸರಿಗೆ ತಿರುಗುವುದು ಬಹುತೇಕ ಖಚಿತ. ಮುಖದ ಗಂಟು ಕರುಳಿನದಕ್ಕಿಂತ ಮೊದಲೇ ಕಾಣಿಸಬಹುದು. ದವಡೆ ತೋರಿಸಲು ಹೋದವರಿಗೆ ಡಾಕ್ಟರು ‘ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತಾ?’ ಎಂದು ಕೇಳಿ ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ದೊಡ್ಡಕರುಳನ್ನು ನೋಡುವ ಪರೀಕ್ಷೆ) ಬರೆದುಕೊಟ್ಟರೆ ಅದಕ್ಕೆ ಅರ್ಥವಿದೆ.

ತಡಮಾಡದೆ ಆ ವಾರವೇ ತೋರಿಸಬೇಕಾದ ಲಕ್ಷಣಗಳು ಇವು: ವಾರಗಳಲ್ಲೇ ದೊಡ್ಡದಾಗುವ ಗಂಟು, ಕೆಳತುಟಿ ಅಥವಾ ಕೆನ್ನೆ ಮರಗಟ್ಟುವುದು, ಒಸಡು ಚೆನ್ನಾಗಿದ್ದೂ ಹಲ್ಲು ಅಲುಗುವುದು, ರಾತ್ರಿ ಎಬ್ಬಿಸುವ ನೋವು, ಒಂದೇ ಹೊಳ್ಳೆಯಿಂದ ಪದೇಪದೇ ರಕ್ತ, ಎರಡೆರಡಾಗಿ ಕಾಣುವುದು. ಎಲುಬಿನ ಕ್ಯಾನ್ಸರ್ ಅಪರೂಪ, ಆದರೆ ಅದು ಬರುವುದು ಹೀಗೆ.

ಆಪರೇಷನ್ ಯಾವಾಗ ಬೇಕು?

ಟೋರಸ್ಸಿಗೆ: ಸೆಟ್ ಕೂರದಿದ್ದರೆ, ಪದೇಪದೇ ಹುಣ್ಣಾಗುತ್ತಿದ್ದರೆ, ಮಾತಿಗೆ ನುಂಗಲಿಗೆ ಅಡ್ಡ ಬರುತ್ತಿದ್ದರೆ ಮಾತ್ರ. ಹಣೆಯ, ದವಡೆಯ ಆಸ್ಟಿಯೋಮ ಕಣ್ಣಿಗೆ ಕಾಣುವುದು ಬೇಸರವಾಗಿದ್ದರೆ ತೆಗೆಸಬಹುದು, ಇಲ್ಲದಿದ್ದರೆ ಬಿಡಬಹುದು. ಸೈನಸ್ಸಿನೊಳಗಿನದು ತೊಂದರೆ ಕೊಡದಿದ್ದರೆ ಒಂದೆರಡು ವರ್ಷಕ್ಕೊಮ್ಮೆ ಸ್ಕ್ಯಾನ್ ಸಾಕು. ಸೈನಸ್ಸಿನ ಬಾಯಿ ಮುಚ್ಚಿ ಲೋಳೆ ಕಟ್ಟಿಕೊಂಡರೆ, ಕಣ್ಣನ್ನು ತಳ್ಳಿದರೆ, ಸೈನಸ್ಸಿನ ಅರ್ಧಕ್ಕಿಂತ ಹೆಚ್ಚು ಜಾಗ ತುಂಬಿದರೆ ತೆಗೆಯುವ ಮಾತು ಬರುತ್ತದೆ. ಆಸಿಫೈಯಿಂಗ್ ಫೈಬ್ರೋಮವನ್ನು ಕಾಯಿಸಬಾರದು, ಚಿಕ್ಕದಿರುವಾಗಲೇ ತೆಗೆದರೆ ಹಲ್ಲೂ ದವಡೆಯೂ ಉಳಿಯುತ್ತವೆ.

ಫೈಬ್ರಸ್ ಡಿಸ್‌ಪ್ಲೇಸಿಯಾದ್ದು ಇದಕ್ಕೆ ವಿರುದ್ಧ. ಹತ್ತು ವರ್ಷದ ಮಗುವಿಗೆ ಕೆನ್ನೆ ಕೆತ್ತಿ ಸರಿಮಾಡಿದರೆ ಹದಿನಾಲ್ಕಕ್ಕೆ ಮತ್ತೆ ಉಬ್ಬಿರುತ್ತದೆ. ಬೆಳವಣಿಗೆ ನಿಂತ ಮೇಲೆ ಮಾಡಿದರೆ ಒಮ್ಮೆಗೇ ಮುಗಿಯುವ ಸಾಧ್ಯತೆ ಹೆಚ್ಚು. ದೃಷ್ಟಿ, ಉಸಿರು, ಊಟಕ್ಕೆ ಅಡ್ಡಿಯಾದರೆ ಕಾಯುವಂತಿಲ್ಲ. ಕಣ್ಣಿನ ನರದ ಸುತ್ತ ಎಲುಬು ಬೆಳೆದಿದ್ದರೂ ದೃಷ್ಟಿ ಚೆನ್ನಾಗಿದ್ದರೆ ಮುನ್ನೆಚ್ಚರಿಕೆಗೆಂದು ಅಲ್ಲಿ ಕೈಹಾಕುವುದಿಲ್ಲ. ಆ ಆಪರೇಷನ್ನಿನಿಂದಲೇ ದೃಷ್ಟಿ ಹೋಗುವ ಅಪಾಯವಿದೆ. ಇನ್ನೊಂದು: ಈ ಕಾಯಿಲೆಗೆ ರೇಡಿಯೇಷನ್ ಕೊಡುವುದಿಲ್ಲ. ತಾನಾಗಿ ಕ್ಯಾನ್ಸರಿಗೆ ತಿರುಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ, ರೇಡಿಯೇಷನ್ ಆ ಅಪಾಯವನ್ನು ಹೆಚ್ಚಿಸುತ್ತದೆ.

ಕಲೆ ಕಾಣದ ದಾರಿಗಳು

ಮುಖದ ಮೇಲೆ ನೇರವಾಗಿ ಕೊಯ್ಯುವುದು ಈಗ ಕಡಿಮೆ. ಮೇಲ್ದವಡೆ, ಕೆನ್ನೆ, ಗದ್ದಕ್ಕೆ ತುಟಿ ಎತ್ತಿ ಒಳಗಿನ ಮಡಿಕೆಯಲ್ಲಿ ಕೊಯ್ಯುತ್ತಾರೆ, ಹೊರಗೆ ಗುರುತೇ ಇರದು. ಹಣೆಯ ಗಂಟಿಗೆ ಕೂದಲಿನ ಗೆರೆಯ ಹಿಂದೆ ಒಂದೂವರೆ ಎರಡು ಸೆಂಟಿಮೀಟರಿನ ಸೀಳು ಮಾಡಿ, ಎಂಡೋಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಕೊಳವೆ ತೂರಿಸಿ, ಚರ್ಮದಡಿಯೇ ಸಾಗಿ ಗಂಟನ್ನು ತಲುಪುತ್ತಾರೆ. ದೊಡ್ಡ ಕೆಲಸವಾದರೆ ಒಂದು ಕಿವಿಯಿಂದ ಇನ್ನೊಂದು ಕಿವಿಗೆ ನೆತ್ತಿಯ ಮೇಲೆ ಕೊಯ್ದು ಹಣೆಯ ಚರ್ಮವನ್ನು ಹೊದಿಕೆಯಂತೆ ಕೆಳಗಿಳಿಸುತ್ತಾರೆ. ಕೇಳಲು ಭಯ, ಕೂದಲು ಬೆಳೆದರೆ ಕಲೆ ಮುಚ್ಚುತ್ತದೆ. ಬೊಕ್ಕತಲೆಯವರಿಗೆ ಮಾತ್ರ ಈ ಲೆಕ್ಕ ನಡೆಯದು, ಮೊದಲೇ ಹೇಳಿಬಿಡಬೇಕು. ಸೈನಸ್ಸಿನೊಳಗಿನದನ್ನು ಮೂಗಿನ ದಾರಿಯಿಂದಲೇ ತೆಗೆಯಬಹುದು. ಹೊಳ್ಳೆಯಲ್ಲಿ ತೂರದಷ್ಟು ದೊಡ್ಡದಿದ್ದರೆ ಒಳಗೇ ಪುಡಿಮಾಡಿ ಹೀರಿ ತೆಗೆಯುತ್ತಾರೆ.

ಕತ್ತರಿಸುವ ಕೆಲಸ ಹೇಗೆ ನಡೆಯುತ್ತದೆ?

ಚಿತ್ರದುರ್ಗದ ಕಡೆ ಬಂಡೆ ಸೀಳುವವರನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಬಂಡೆಗೆ ಒಂದೇ ಸಮನೆ ಸುತ್ತಿಗೆ ಬಡಿದರೆ ಎಲ್ಲೆಂದರಲ್ಲಿ ಬಿರಿಯುತ್ತದೆ. ಅದಕ್ಕೇ ಸಾಲಾಗಿ ತೂತು ಕೊರೆದು, ಬೆಣೆ ಕೂರಿಸಿ, ಆ ಗೆರೆಗೇ ಸೀಳುತ್ತಾರೆ. ಸರ್ಜನ್ನರೂ ಆಸ್ಟಿಯೋಮದ ಬುಡದಲ್ಲಿ ಸಾಲಾಗಿ ಕೊರೆದು ತೂತುಗಳನ್ನು ಸೇರಿಸಿ, ಆಮೇಲೆ ಉಳಿಯಿಂದ ಒಂದೆರಡು ಏಟು ಹಾಕುತ್ತಾರೆ. ಗಂಟು ಗೆರೆಗೆ ಸರಿಯಾಗಿ ಕಳಚುತ್ತದೆ, ಉಳಿದ ಬುಡವನ್ನು ನುಣ್ಣಗೆ ಅರೆಯುತ್ತಾರೆ. ಕೊರೆಯುವ ಮುನ್ನ ಆ ಜಾಗಕ್ಕೆ ಅಡ್ರಿನಲಿನ್ ಬೆರೆತ ಮರಗಟ್ಟಿಸುವ ಔಷಧಿ ಚುಚ್ಚಿ ಏಳೆಂಟು ನಿಮಿಷ ಕಾಯುತ್ತಾರೆ, ರಕ್ತನಾಳ ಕುಗ್ಗಿ ರಕ್ತ ಕಡಿಮೆಯಾಗಲೆಂದು. ಈ ಕಾಯುವಿಕೆಯಲ್ಲಿ ಅವಸರ ಮಾಡಿದರೆ ಮುಂದಿನ ಒಂದು ಗಂಟೆ ರಕ್ತ ಒರೆಸುವುದೇ ಆಗುತ್ತದೆ.

ಡ್ರಿಲ್ಲಿನ ಮೊನೆಗೆ ಉಪ್ಪುನೀರು ಸತತವಾಗಿ ಸುರಿಯುತ್ತಿರಬೇಕು. ಎಲುಬಿನ ಬಿಸಿ 47 ಡಿಗ್ರಿ ಸೆಲ್ಸಿಯಸ್ಸಿಗೆ ಏರಿ ಒಂದು ನಿಮಿಷ ಹಾಗೇ ಇದ್ದರೆ ಅಲ್ಲಿನ ಜೀವಕೋಶಗಳು ಸಾಯುತ್ತವೆ. ಸತ್ತ ಎಲುಬು ವಾರಗಳ ಮೇಲೆ ಚೂರಾಗಿ ಉದುರುತ್ತದೆ, ಗಾಯ ಕೂಡುವುದಿಲ್ಲ. ಮೊಂಡಾದ ಮೊನೆ ಹೆಚ್ಚು ಬಿಸಿ ಹುಟ್ಟಿಸುತ್ತದೆ. ನರದ ಹತ್ತಿರ ಹೋಗಬೇಕಾದಲ್ಲಿ ಪೀಜೋ ಎಂಬ ಸಾಧನವಿದೆ. ಅದರ ತುದಿ ಸೆಕೆಂಡಿಗೆ 25ರಿಂದ 30 ಸಾವಿರ ಬಾರಿ ಅದುರಿ ಗಟ್ಟಿ ಎಲುಬನ್ನು ಕೊಯ್ಯುತ್ತದೆ, ಮೆತ್ತಗಿನ ನರ ಅದರೊಂದಿಗೇ ಅದುರಿ ಉಳಿದುಕೊಳ್ಳುತ್ತದೆ. ಮೊಟ್ಟೆಯ ಚಿಪ್ಪನ್ನು ಇದರಿಂದ ಕೊಯ್ದರೆ ಒಳಪೊರೆ ಹರಿಯದೆ ಉಳಿಸಬಹುದು. ನಿಧಾನ, ಅದೊಂದೇ ಇದರ ದೋಷ.

ಅಂಗುಳದ ಟೋರಸ್ ತೆಗೆಯುವುದು ಚಿಕ್ಕ ಆಪರೇಷನ್ ಅನ್ನಿಸಿದರೂ ಕ್ರಮ ತಪ್ಪಬಾರದ್ದು. ಮೊದಲೇ ಬಾಯಿಯ ಅಚ್ಚು ತೆಗೆದು, ಆ ಅಚ್ಚಿನಲ್ಲಿ ಗಂಟನ್ನು ಕೆರೆದು, ಅದರ ಮೇಲೆ ಅಂಗುಳಕ್ಕೆ ಹೊಂದುವ ಪ್ಲಾಸ್ಟಿಕ್ ತಟ್ಟೆ ಮಾಡಿಟ್ಟುಕೊಳ್ಳುತ್ತಾರೆ. ನಡುಗೆರೆಯಲ್ಲಿ ಉದ್ದಕ್ಕೆ ಕೊಯ್ದು ಎರಡೂ ತುದಿಗೆ ಕವಲು ಬಿಡಿಸಿ ಪೊರೆಯನ್ನು ಪುಸ್ತಕದ ಎರಡು ಹಾಳೆಯಂತೆ ಬಿಚ್ಚುತ್ತಾರೆ. ತೆಳು ಪೊರೆ ಹರಿಯದ ಹಾಗೆ ಅಂಚನ್ನು ದಾರದಲ್ಲಿ ಬದಿಗೆ ಕಟ್ಟಿಡುತ್ತಾರೆ. ನಂತರ ಗಂಟಿನ ಮೇಲೆ ಅಡ್ಡ ಉದ್ದ ಗೀರು ಕೊರೆದು ಕೊಬ್ಬರಿ ಬರ್ಫಿ ಕೊಯ್ದ ಹಾಗೆ ಚೌಕಗಳಾಗಿಸಿ ಒಂದೊಂದೇ ಚೌಕವನ್ನು ಉಳಿಯಿಂದ ಬಿಡಿಸುತ್ತಾರೆ. ಇಡೀ ಗಂಟಿಗೆ ಒಂದೇ ಸಲ ಉಳಿ ಇಟ್ಟರೆ ಅಂಗುಳದ ತೆಳು ಎಲುಬೂ ಜೊತೆಗೇ ಕಿತ್ತು ಬಂದು ಬಾಯಿಗೂ ಮೂಗಿಗೂ ಕಿಂಡಿಯಾಗುತ್ತದೆ, ಕುಡಿದ ನೀರು ಮೂಗಿನಲ್ಲಿ ಬರುತ್ತದೆ. ಹೊಲಿಗೆಯಾದ ಮೇಲೆ ತಟ್ಟೆ ಕೂರಿಸುವುದು ಪೊರೆಯಡಿ ರಕ್ತ ಕಟ್ಟದಿರಲೆಂದು.

ಫೈಬ್ರಸ್ ಡಿಸ್‌ಪ್ಲೇಸಿಯಾದಲ್ಲಿ ಅಂಚೇ ಇಲ್ಲವಾದ್ದರಿಂದ ಎಷ್ಟು ಕೆತ್ತಬೇಕು ಎಂಬುದೇ ಪ್ರಶ್ನೆ. ಸಿಟಿಯಲ್ಲಿ ಸರಿಯಿರುವ ಕಡೆಯ ಕೆನ್ನೆಯನ್ನು ಕನ್ನಡಿಯಂತೆ ತಿರುಗಿಸಿ ಕೆಟ್ಟ ಕಡೆಯ ಮೇಲೆ ಹೊಂದಿಸಿ ನೋಡಿ, ಎಲ್ಲಿ ಎಷ್ಟು ಮಿಲಿಮೀಟರ್ ಹೆಚ್ಚಿದೆ ಎಂದು ಲೆಕ್ಕ ಹಾಕುತ್ತಾರೆ. ಆಪರೇಷನ್ನಿನಲ್ಲಿ ಅಷ್ಟೇ ಆಳದ ತೂತುಗಳನ್ನು ಅಲ್ಲಲ್ಲಿ ಕೊರೆಯುತ್ತಾರೆ: ಇಲ್ಲಿ 4, ಅಲ್ಲಿ 6, ಕಣ್ಣಿನ ಹತ್ತಿರ 3. ಆಮೇಲೆ ತೂತುಗಳ ತಳ ಸಿಗುವವರೆಗೆ ಕೆತ್ತುವುದು. ತೂತು ಮಾಯವಾದಲ್ಲಿ ಕೈ ನಿಲ್ಲಿಸಬೇಕು. ಈ ಎಲುಬು ನೀರು ಕುಡಿದ ಸುಣ್ಣದಕಲ್ಲಿನಂತೆ ಮೆತ್ತಗೆ, ಸುಲಭವಾಗಿ ಕೆರೆಯಬಹುದು. ಆದರೆ ರಕ್ತ ಜಾಸ್ತಿ, ಅದಕ್ಕೇ ರಕ್ತದ ಬಾಟಲಿ ಮೊದಲೇ ಕಾದಿರಿಸುತ್ತಾರೆ.

ಆಸಿಫೈಯಿಂಗ್ ಫೈಬ್ರೋಮಕ್ಕೆ ಮೇಲಿನ ತೆಳು ಎಲುಬು ತೆರೆದು ಗಡ್ಡೆಯನ್ನು ವಾಟೆಯಂತೆ ಬಿಡಿಸಿ ತೆಗೆದು ಗುಳಿಯ ಗೋಡೆ ಕೆರೆದರೆ ಸಾಮಾನ್ಯವಾಗಿ ಸಾಕು. ಕೆಳದವಡೆಯ ಕೆಳಅಂಚನ್ನೂ ತಿಂದಿದ್ದರೆ ಆ ತುಂಡನ್ನೇ ಕೊಯ್ದು, ಟೈಟಾನಿಯಂ ಪಟ್ಟಿ ಕೂರಿಸಿ, ಸೊಂಟದಿಂದಲೋ ಮೊಣಕಾಲಿನ ಕೆಳಗಿನ ಸಣ್ಣೆಲುಬಿನಿಂದಲೋ ತುಂಡು ತಂದು ತುಂಬಬೇಕಾಗುತ್ತದೆ.

ಎಡವಟ್ಟಾಗುವುದು ಎಲ್ಲಿ?

ಹೆಚ್ಚು ಜನರಿಗೆ ಆಗುವುದು ಮರಗಟ್ಟುವಿಕೆ. ಕಣ್ಣಿನ ಕೆಳಗಿನ ನರ ಎಳೆದಾಡಿದರೆ ಕೆನ್ನೆ, ಮೇಲ್ತುಟಿ. ಗದ್ದದ ಬಳಿಯ ನರವಾದರೆ ಕೆಳತುಟಿ. ನರ ತುಂಡಾಗದಿದ್ದರೆ ವಾರಗಳಿಂದ ಕೆಲವು ತಿಂಗಳಲ್ಲಿ ಬಹುಪಾಲು ಮರಳುತ್ತದೆ. ಅಲ್ಲಿವರೆಗೆ ಬಿಸಿ ಕಾಫಿ ಸುಟ್ಟರೂ ಗೊತ್ತಾಗದು, ತುಟಿ ಕಡಿದುಕೊಂಡರೂ ಗೊತ್ತಾಗದು. ನೆತ್ತಿಯ ದಾರಿಯಲ್ಲಿ ಹುಬ್ಬು ಎತ್ತುವ ನರಕ್ಕೆ ಪೆಟ್ಟಾದರೆ ಒಂದು ಹುಬ್ಬು ಇಳಿದು ಕೂರುತ್ತದೆ.

ಕಣ್ಣಿನ ಸುತ್ತ ಕೆಲಸ ಮಾಡಿದ ಮೊದಲ ರಾತ್ರಿ ಕಣ್ಣು ಉಬ್ಬಿ ಬಿಗಿದು ವಿಪರೀತ ನೋವು ಬಂದರೆ, ದೃಷ್ಟಿ ಮಸುಕಾದರೆ, ಅದು ಬೆಳಗಿನವರೆಗೆ ಕಾಯುವ ವಿಷಯವಲ್ಲ. ಒಳಗೆ ರಕ್ತ ಕಟ್ಟಿ ಕಣ್ಣಿನ ನರ ಒತ್ತುತ್ತಿರಬಹುದು, ಗಂಟೆಯೊಳಗೆ ಬಿಡಿಸದಿದ್ದರೆ ದೃಷ್ಟಿ ಹೋಗುತ್ತದೆ. ನರ್ಸನ್ನು ಆಗಲೇ ಎಬ್ಬಿಸಬೇಕು.

ಕ್ಯಾನ್ಸರಿಗೋ ಎಲುಬು ಸವೆತಕ್ಕೋ ಜೊಲೆಡ್ರೊನೇಟ್, ಅಲೆಂಡ್ರೊನೇಟ್, ಡೆನೊಸುಮ್ಯಾಬ್ ತೆಗೆದುಕೊಂಡವರು ಅದನ್ನು ಸರ್ಜನ್ನರಿಗೆ ಹೇಳಲೇಬೇಕು. ಇವು ಎಲುಬು ಕೆಡಹುವ ಕೋಶಗಳನ್ನು ಕಟ್ಟಿಹಾಕುತ್ತವೆ, ದವಡೆ ಕೊಯ್ದರೆ ಗಾಯ ಕೂಡದೆ ಎಲುಬು ಬತ್ತಲೆ ಉಳಿಯಬಹುದು. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ತಾವೇ ನಿಲ್ಲಿಸಬಾರದು, ಹೃದಯದ ಡಾಕ್ಟರನ್ನು ಕೇಳಿ ನಿರ್ಧರಿಸಬೇಕು.

ಮನೆಗೆ ಬಂದ ಮೇಲೆ

ಬಾವು ಏರುವುದು ಎರಡನೇ ಮೂರನೇ ದಿನ. ಮುಖ ನೋಡಿ ‘ಆಪರೇಷನ್ ಕೆಟ್ಟಿತು’ ಎಂದು ಗಾಬರಿಯಾಗುವುದೂ ಅವತ್ತೇ. ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಐಸ್, 15-20 ನಿಮಿಷ ಇಟ್ಟು ಅಷ್ಟೇ ಹೊತ್ತು ಬಿಡುವುದು. ತಲೆಗೆ ಎರಡು ದಿಂಬು. ಬಾಯೊಳಗೆ ಗಾಯವಿದ್ದರೆ ಮೊದಲ 24 ಗಂಟೆ ಜೋರಾಗಿ ಮುಕ್ಕಳಿಸಬಾರದು, ಕಟ್ಟಿದ ರಕ್ತ ಕಳಚುತ್ತದೆ. ಮರುದಿನದಿಂದ ಒಂದು ಲೋಟ ಉಗುರುಬಿಸಿ ನೀರಿಗೆ ಅರ್ಧ ಚಮಚ ಉಪ್ಪು, ಊಟವಾದಾಗಲೆಲ್ಲ.

ಮೊದಲ ವಾರ ಆರಿಸಿದ ರಾಗಿ ಅಂಬಲಿ, ಮಜ್ಜಿಗೆ, ಮೆತ್ತಗೆ ಕಲಸಿದ ಮೊಸರನ್ನ, ತಿಳಿಸಾರು. ಮುದ್ದೆ ಅಗಿಯದೆ ನುಂಗುವ ಅಭ್ಯಾಸವಿದ್ದವರು ಪುಣ್ಯವಂತರು, ಮೆತ್ತಗೆ ಮಾಡಿಕೊಂಡು ಬೇಗ ಶುರುಮಾಡಬಹುದು. ಮಂಡಕ್ಕಿ ಬೇಡ, ಅದರ ಸಿಪ್ಪೆ ಹೊಲಿಗೆಯ ಸಂದಿಗೆ ಸೇರಿ ಕೀವಾಗುತ್ತದೆ. ಕೆಳದವಡೆಯಿಂದ ದೊಡ್ಡ ಗಡ್ಡೆ ತೆಗೆದಿದ್ದರೆ ಆರು ವಾರ ಗಟ್ಟಿಯಾದದ್ದು ಕಡಿಯಬಾರದು. ಗುಳಿಯ ಸುತ್ತ ಉಳಿದಿರುವುದು ತೆಳು ಎಲುಬು, ಒಂದು ಚಕ್ಕುಲಿ ಕಡಿದರೂ ದವಡೆ ಮುರಿಯಬಹುದು. ಸೈನಸ್ಸಿನ ಕೆಲಸವಾಗಿದ್ದರೆ ಎರಡು ವಾರ ಮೂಗು ಸೀಟುವಂತಿಲ್ಲ, ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಬೀಡಿ, ಗುಟ್ಕಾ, ಎಲೆಅಡಿಕೆ ಪೂರ್ತಿ ಬಂದ್. ಬಾಯಿಯ ಹೊಲಿಗೆ ತಾನೇ ಕರಗುತ್ತದೆ, ಮುಖದ ಹೊಲಿಗೆ ಸುಮಾರು ಐದನೇ ದಿನ, ನೆತ್ತಿಯದು ಏಳರಿಂದ ಹತ್ತನೇ ದಿನ ಬಿಚ್ಚುತ್ತಾರೆ.

ಎಲ್ಲಿಗೆ ಹೋಗಬೇಕು, ದುಡ್ಡು ಹೇಗೆ?

ದವಡೆ, ಅಂಗುಳ, ಕೆನ್ನೆಯ ಗಂಟಿಗೆ ಹುಡುಕಬೇಕಾದ ಬೋರ್ಡು ‘ಬಾಯಿ ಮತ್ತು ಮುಖ-ದವಡೆ ಶಸ್ತ್ರಚಿಕಿತ್ಸೆ’. ದಂತ ವೈದ್ಯಕೀಯ ಕಾಲೇಜುಗಳಲ್ಲಿ ಈ ವಿಭಾಗ ಇರುತ್ತದೆ: ದಾವಣಗೆರೆಯಲ್ಲಿ ಬಾಪೂಜಿ ದಂತ ಕಾಲೇಜು ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್, ಚಿತ್ರದುರ್ಗದಲ್ಲಿ ಎಸ್‌ಜೆಎಂ ದಂತ ಕಾಲೇಜು. ಸೈನಸ್ಸಿನದಕ್ಕೆ ಕಿವಿ ಮೂಗು ಗಂಟಲು ವಿಭಾಗ, ಹಣೆಯದಕ್ಕೆ ಪ್ಲಾಸ್ಟಿಕ್ ಸರ್ಜನ್. ಮೆದುಳಿನ ಗೋಡೆಗೆ ತಾಗಿದ್ದರೆ ನರಶಸ್ತ್ರಚಿಕಿತ್ಸಕರೂ ಜೊತೆಗಿರಬೇಕು.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕಾರ್ಡಿನವರಿಗೆ ಯೋಜನೆ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು. ಬರೀ ಅಂದಕ್ಕೆಂದು ಮಾಡುವ ಆಪರೇಷನ್ ಯೋಜನೆಗೆ ಸೇರದು. ಆದ್ದರಿಂದ ಅಗಿಯಲು ತೊಂದರೆ, ಉಸಿರಿಗೆ ಅಡ್ಡಿ, ಪದೇಪದೇ ಹುಣ್ಣು ಇದ್ದರೆ ಅದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಎಷ್ಟೋ ಜನ ‘ಏನೂ ತೊಂದರೆ ಇಲ್ಲ ಸಾರ್, ನೋಡೋಕೆ ಚೆನ್ನಾಗಿಲ್ಲ ಅಷ್ಟೇ’ ಅಂದುಬಿಡುತ್ತಾರೆ, ಚೀಟಿಯಲ್ಲೂ ಅಷ್ಟೇ ಬೀಳುತ್ತದೆ.

ಡಿಸ್ಚಾರ್ಜ್ ದಿನ ಬಿಲ್ಲಿನ ಜೊತೆ ಇನ್ನೆರಡು ಕೇಳಿ ಪಡೆಯಬೇಕು: ಪ್ಯಾಥಾಲಜಿ ವರದಿ, ಸಿಟಿಯ ಸಿಡಿ. ಫಿಲ್ಮು ಸಾಲದು, ಹಾಳೆಯಲ್ಲಿ ಅಳೆಯಲು ಬರುವುದಿಲ್ಲ. ಮುಂದಿನ ವರ್ಷ ‘ಮತ್ತೆ ಬೆಳೆದ ಹಾಗಿದೆ’ ಅನ್ನಿಸಿದರೆ ಹಳೆಯ ಸಿಡಿಯನ್ನು ಹೊಸದರ ಪಕ್ಕದಲ್ಲಿಟ್ಟು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಸಿಡಿಗೆ ಗೀರು ಬೀಳುತ್ತದೆ, ಪೆನ್‌ಡ್ರೈವಿಗೂ ಒಂದು ಪ್ರತಿ ಹಾಕಿಸಿಡಿ.